ಕಲಬುರಗಿಯ ಮನೆಯಲ್ಲಿ ಕ್ರಿಸ್‌ಮಸ್ ರಾತ್ರಿ ಕಳಪೆ ಹಾರರ್ ಸಿನಿಮಾ ನೋಡಿ ಖುಷಿಪಡೋದು ಹೇಗೆ?

ಮೊದಲು ಸರಿಯಾದ ಚಿತ್ರ ಹಚ್ಚಿರಿ. ‘ಜ್ಯಾಕ್ ಫ್ರಾಸ್ಟ್’ ಹೆಸರಲ್ಲಿ ಎರಡಿವೆ. 1997ರದ್ದರಲ್ಲಿ ಹಿಮದ ಗೊಂಬೆಯೇ ಕೊಲೆಗಾರ; 1998ರದ್ದು ಮೈಕಲ್ ಕೀಟನ್ ನಟಿಸಿದ ಮಕ್ಕಳ ಚಿತ್ರ. ಅದಲುಬದಲಾದರೆ ರಾತ್ರಿ ಪೂರಾ ಹಾಳು.

ಇಂಥ ಚಿತ್ರ ಹೆದರಿಸಲಿ ಅಂತ ಕೂತರೆ ಬೇಸರವೇ. ದುಡ್ಡಿಲ್ಲದೆ ಹೇಗೆ ಮಾಡ್ಯಾರ ಅನ್ನೋದನ್ನ ನೋಡ್ರಿ, ರುಚಿ ಅಲ್ಲೇ ಇದೆ. ಪಾತ್ರಗಳು ಚಳಿಗೆ ನಡುಗುತ್ತಿರುತ್ತವೆ, ಆದರೆ ಬಾಯಿಂದ ಹಬೆ ಬರೋದಿಲ್ಲ: ಶೂಟಿಂಗ್ ಬೆಚ್ಚಗಿನ ಜಾಗದಲ್ಲಿ ನಡೆದಿರಬಹುದು ಅಂತ ಗೊತ್ತಾಗುತ್ತೆ. ಹಿಮ ಕೋಟಿನ ಮೇಲೆ ಕರಗದೆ ಹಾಗೇ ಕೂತರೆ ಅದು ನೊರೆ ಇಲ್ಲವೇ ಕಾಗದದ ಚೂರು ಇರಬಹುದು. ರಾಕ್ಷಸನ ಕೈ ಮಾತ್ರ ತೋರಿಸಿ ಶಾಟ್ ಕತ್ತರಿಸೋದು, ಪೂರ್ತಿ ಮೈ ತೋರಿಸಿದರೆ ರಬ್ಬರ್ ವೇಷದ ಹೊಲಿಗೆ ಕಂಡೀತು ಅಂತ ಇರಬಹುದು. ಈ ಕೈಕೆಲಸಕ್ಕೆ ನಿಜಕ್ಕೂ ಮೆಚ್ಚುಗೆ ಸಲ್ಲಬೇಕು.

ಟಿವಿಯಲ್ಲಿ ‘ಮೋಷನ್ ಸ್ಮೂದಿಂಗ್’ (ದೃಶ್ಯದ ಚಲನೆಯನ್ನ ನುಣುಪು ಮಾಡೋ ಸೆಟ್ಟಿಂಗ್) ತೆಗೆದುಬಿಡಿ, ಇಲ್ಲಾಂದ್ರೆ ಸಿನಿಮಾ ಧಾರಾವಾಹಿಯಂಗ ಕಾಣುತ್ತೆ. ಮಾತು ಸಣ್ಣಗೆ, ಕಿರುಚಾಟ ಜೋರು ಇರೋದರಿಂದ ಸಬ್‌ಟೈಟಲ್ ಹಾಕಿ ಸೌಂಡ್ ಇಳಿಸಿರಿ. ಪಕ್ಕದ ಮನೆಯವರೂ ಮಲಗಬೇಕಲ್ಲ.

90 ನಿಮಿಷದ ಆಸುಪಾಸಿನ ಚಿತ್ರ ಸಾಕು, ನಾಲ್ಕೈದು ಮಂದಿ ಇರಲಿ. ಮೊದಲ ಅರ್ಧ ತಾಸು ಸಾಮಾನ್ಯವಾಗಿ ಜೋತು ಬೀಳುತ್ತೆ. ಸುಸಲಾ, ಮಿರ್ಚಿ ಭಜಿ ಆಗಲೇ ಮುಂದಿಡಿ. ಭಜಿ ಕರಿಯೋಕೆ ನಡುವೆ ಎದ್ದು ಹೋದರೆ ಮೊದಲ ಕೊಲೆ ತಪ್ಪಿಹೋಗುತ್ತೆ, ಅದೇ ಹೆಚ್ಚಾಗಿ ಇಡೀ ಚಿತ್ರದಲ್ಲಿ ಚೆನ್ನಾಗಿ ತೆಗೆದ ದೃಶ್ಯ.