ಸುಧಾರಣೆಗೆ ಒಬ್ಬ ಚುರುಕಾದ ಸೂಪರ್‌ವೈಸರ್ ಸಾಲದೇ?

ಕೆಲಸದ ಜಾಗದಲ್ಲಿ ಸುಧಾರಣೆ ನಡೀತಾನೇ ಇರೋಕೆ ಇಡೀ ತಂಡ ಯಾಕೆ ಬೇಕು, ಚುರುಕಾದ ಒಬ್ಬ ಸೂಪರ್‌ವೈಸರ್ ಇದ್ದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು. ನಾನೇ 4 ವರ್ಷ ಪ್ಯಾಕಿಂಗ್ ಲೈನಿನಲ್ಲಿ ಸೂಪರ್‌ವೈಸರ್ ಆಗಿದ್ದವನು, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಒಮ್ಮೆ ಬಾಟಲಿಗಳ ಲೇಬಲ್ ಅಂಚು ಏಳೋಕೆ ಶುರುವಾಯಿತು. ಹೊಸ ರೋಲ್ ಹಾಕಿದ ಕೂಡಲೇ ಜಾಸ್ತಿ, ಸ್ವಲ್ಪ ಹೊತ್ತಿಗೆ ತಾನಾಗಿ ನಿಂತುಹೋಗುತ್ತಿತ್ತು. ರೋಲರ್ ಒತ್ತಡ ಬದಲಿಸಿದೆ, ವೇಗ ಇಳಿಸಿದೆ, ಮೆಂಟೆನೆನ್ಸ್‌ನವರನ್ನು ಕರೆಸಿದೆ. 2 ವಾರ ಹೀಗೇ ಕಳೆಯಿತು. ಕೊನೆಗೆ ಶಿಫ್ಟ್ ಬದಲಾಗುವಾಗ ಎರಡೂ ಶಿಫ್ಟಿನವರನ್ನು, ಜೊತೆಗೆ ಸ್ಟೋರಿನವರನ್ನೂ ಮೆಷಿನ್ ಪಕ್ಕಕ್ಕೇ ಕರೆದು ಕೇಳಿದೆ. ರಾತ್ರಿ ಪಾಳಿಯ ಆಪರೇಟರ್ ರೋಲನ್ನು ಬೆರಳಿನಿಂದ ಒತ್ತಿ ತೋರಿಸಿದ. "ಹೊರಗಿನ ಸುತ್ತುಗಳು ಮಾತ್ರ ಮೆತ್ತಗಿರ್ತವೆ ಸಾರ್." ಅದನ್ನು ಕೇಳಿ ಸ್ಟೋರಿನವನಿಗೆ ಹೊಳೆಯಿತು. ಗಾಡಿ ಓಡಾಡೋಕೆ ಜಾಗ ಬೇಕಂತ ಅವನು ರೋಲುಗಳ ರ್ಯಾಕನ್ನು ಕ್ರೇಟ್ ತೊಳೆಯುವ ಕಡೆಗೆ ಸರಿಸಿದ್ದ. ಅಲ್ಲಿ ಪೇಪರ್ ತೇವ ಹೀರುತ್ತಿತ್ತು.

ತೇವ ಒಬ್ಬನಿಗೆ ಗೊತ್ತು, ರ್ಯಾಕ್ ಸರಿಸಿದ್ದು ಇನ್ನೊಬ್ಬನಿಗೆ ಗೊತ್ತು. ನನಗೆ ಎರಡೂ ಗೊತ್ತಿರಲಿಲ್ಲ.

ಮುಂಚೆನೇ ಯಾಕೆ ಹೇಳಲಿಲ್ಲ ಅಂತ ಆಪರೇಟರನ್ನು ಕೇಳಿದೆ. ಹಿಂದೊಮ್ಮೆ ಬೇರೇನೋ ಹೇಳಲು ಹೋದಾಗ "ನಿನ್ನ ಕೆಲಸ ನೋಡ್ಕೋ" ಅಂದಿದ್ದರಂತೆ. ನನ್ನ ಪ್ರಕಾರ ಇಡೀ ವಿಷಯ ಇರುವುದು ಇಲ್ಲೇ. ಬಾಯಿ ಬಿಟ್ಟರೆ ಬೈಗುಳ ಅನ್ನೋ ಕಡೆ ಯಾರು ತಾನೇ ಮಾತಾಡುತ್ತಾರೆ?

ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನ ಉದ್ದಕ್ಕೂ ಹಗ್ಗ ಕಟ್ಟಿರುವ ಪದ್ಧತಿ ಬಂದಿದ್ದು ಇದಕ್ಕೇ. ತಪ್ಪು ಕಂಡವರು ಯಾರೇ ಆಗಲಿ, ಅದನ್ನು ಎಳೆಯಬಹುದು. ಎಳೆದ ಕೂಡಲೇ ಲೈನ್ ನಿಲ್ಲುವುದಿಲ್ಲ. ಮೊದಲು ಟೀಮ್ ಲೀಡರ್ ಓಡಿ ಬರುತ್ತಾರೆ, ಅಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು ಎರಡೂ ಕಂಪನಿ ಸೇರಿ 1984ರಲ್ಲಿ ಮತ್ತೆ ತೆರೆದವು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಕೆಟ್ಟ ಹೆಸರಿದ್ದ ಆ ಜಾಗದಿಂದಲೇ ಒಳ್ಳೆಯ ಗುಣಮಟ್ಟದ ಕಾರುಗಳು ಹೊರಬಂದವು. ಜನ ಬದಲಾಗಲಿಲ್ಲ, ಅವರನ್ನು ನಡೆಸಿಕೊಳ್ಳುವ ರೀತಿ ಬದಲಾಯಿತು.

ನಮ್ಮಲ್ಲಿ ಹಗ್ಗವೇನೂ ಇರಲಿಲ್ಲ. ದಿನಾ ಶಿಫ್ಟ್ ಬದಲಾಗುವಾಗ 10 ನಿಮಿಷ, ನಿಂತುಕೊಂಡೇ ಮಾತು. "ಯಾರು ಮಾಡಿದ್ದು" ಅಂತ ಕೇಳುವ ಹಾಗಿಲ್ಲ, "ಹೇಗಾಯಿತು" ಅಂತ ಮಾತ್ರ ಕೇಳಬೇಕು. ಯಾರಾದರೂ ಏನಾದರೂ ಹೇಳಿದರೆ ಮಾರನೇ ದಿನವೇ ಉತ್ತರ ಕೊಡುತ್ತಿದ್ದೆ, ಆಗಲ್ಲ ಅನ್ನುವುದಾದರೂ ಸರಿ. ಇದನ್ನು ತಪ್ಪಿಸಿದರೆ ಜನ ಮತ್ತೆ ಸುಮ್ಮನಾಗಿಬಿಡುತ್ತಾರೆ.

ಮೂರು ತಿಂಗಳ ಮೇಲೆ ಲೇಬಲ್ ಮತ್ತೆ ಎದ್ದಿತು. ಸ್ಟೋರಿಗೆ ಹೊಸಬ ಬಂದಿದ್ದ, ಅವನಿಗೆ ರ್ಯಾಕಿನ ಕಥೆ ಯಾರೂ ಹೇಳಿರಲಿಲ್ಲ. ಈ ಸಲ ಹುಡುಕೋಕೆ ವಾರಗಳು ಬೇಕಾಗಲಿಲ್ಲ, ಅದೇ ದಿನ ಸಂಜೆ ಆಪರೇಟರೇ ಸ್ಟೋರಿಗೆ ಹೋಗಿ ನೋಡಿಬಂದ. ರ್ಯಾಕ್ ಎಲ್ಲಿರಬೇಕು ಅಂತ ನೆಲದ ಮೇಲೆ ಹಳದಿ ಗೆರೆ ಎಳೆದದ್ದೂ ಅವರಿಬ್ಬರೇ.