4-4 ಅಂದರೆ ಡ್ರಾ ಅಲ್ಲ

ಶಿವಮೊಗ್ಗದಿಂದ ಪತ್ರ ಬರೆದಿರುವ ಓದುಗರಿಗೆ,

ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಟಗಾರ ಡೇವಿಡ್ ಕ್ಲಿಫರ್ಡ್ ಬಗ್ಗೆ ನಾಲ್ಕು ಸಾಲು ಹಾಕಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: "2017ರ ಫೈನಲ್‌ನಲ್ಲಿ 4-4 ಅಂತೀರಿ, ಡ್ರಾ ಆದ ಪಂದ್ಯದಲ್ಲಿ ಕಪ್ ಹೇಗೆ ಸಿಕ್ಕಿತು? ಇಷ್ಟು ದೊಡ್ಡ ಆಟಗಾರನಿಗೆ ಸಂಬಳವೇ ಇಲ್ಲ ಅನ್ನೋದು ಅಚ್ಚಿನ ತಪ್ಪಾ?"

ಮೊದಲನೆಯದರಲ್ಲಿ ತಪ್ಪು ನಮ್ಮದೇ, ಬಿಡಿಸಿ ಹೇಳದೆ ಸುಮ್ನೆ ಅಂಕಿ ಹಾಕಿಬಿಟ್ಟೆವು. ಆ ಆಟದಲ್ಲಿ ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ 3 ಪಾಯಿಂಟ್. ಪಟ್ಟಿಯ ಮೇಲಿಂದ, ಎರಡು ಕಂಬಗಳ ನಡುವೆ ದಾಟಿದರೆ ಆಗ 1 (2025ರಿಂದ ದೂರದಿಂದ ಹೊಡೆದರೆ 2). ಹಾಗಾಗಿ 4-4 ಅಂದರೆ ನಾಲ್ಕು ಗೋಲು, ನಾಲ್ಕು ಪಾಯಿಂಟ್, ಒಟ್ಟು 16. ಅಷ್ಟೂ ಒಬ್ಬನೇ ಹುಡುಗ ಹೊಡೆದದ್ದು! ಎದುರಿಗಿದ್ದ ಡೆರ್ರಿಯ ಇಡೀ ತಂಡ ಸೇರಿ ಗಳಿಸಿದ್ದು 1-8, ಅಂದರೆ 11. ಆಗ ಕೆರ್ರಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮೈನರ್, ಅಂದರೆ ಕಿರಿಯರ ತಂಡದ ನಾಯಕನಾಗಿದ್ದ ಕ್ಲಿಫರ್ಡ್‌ಗೆ ವಯಸ್ಸು 18.

ಎರಡನೆಯದು ಅಚ್ಚಿನ ತಪ್ಪಲ್ಲ. ಈ ಆಟ ನಡೆಸುವ, 1884ರಲ್ಲಿ ಶುರುವಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇವತ್ತಿಗೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ. ಓಡಾಟದ ಖರ್ಚು ಸಿಗುತ್ತದೆ, ಸರ್ಕಾರದ ಸಣ್ಣ ಅನುದಾನ ಇದೆ, ಜಾಹೀರಾತಿನಲ್ಲಿ ಕಾಣಿಸಿಕೊಂಡು ಒಂದಿಷ್ಟು ದುಡಿಯಬಹುದು. ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕೇ ಬೇಕು. ಕ್ಲಿಫರ್ಡ್ ಶಾಲಾ ಮೇಷ್ಟ್ರು. ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಭಾನುವಾರ 82 ಸಾವಿರ ಜನರ ಮುಂದೆ ಆಡಿದವನು ಆಮೇಲೆ ಮಕ್ಕಳ ಹಾಜರಿ ಕರೆಯುವುದನ್ನು ನೆನೆದರೆ ನನಗಂತೂ ನಗು ಬರುತ್ತದೆ. ಟಿಕೆಟ್ ಮಾರಿದ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಬಹುದು, ಬಹುಪಾಲು ಊರೂರಿನ ಕ್ಲಬ್ಬು, ಮೈದಾನಗಳಿಗೇ ವಾಪಸ್ ಹೋಗುತ್ತದೆ ಅನ್ನುವುದು ಸಂಸ್ಥೆಯ ಉತ್ತರ. ಒಪ್ಪುವ ಮಾತೇ, ಆದರೂ ಬೆವರು ಸುರಿಸುವವನಿಗೆ ಇನ್ನಷ್ಟು ಸಿಗಬಾರದಾ ಅಂತ ನನಗೂ ಅನ್ನಿಸುತ್ತದೆ.

"ಹಾಗಿದ್ದರೆ ದಡ್ಡ, ಬೇರೆ ದೇಶಕ್ಕೆ ಹೋಗಬಾರದಿತ್ತೇ" ಅಂತಲೂ ಬರೆದಿದ್ದೀರಿ. ದಾರಿ ಇತ್ತು. ಆಸ್ಟ್ರೇಲಿಯಾದ ರೂಲ್ಸ್ ಫುಟ್‌ಬಾಲ್ ಇದಕ್ಕೆ ದೂರದ ನೆಂಟ, ಅಲ್ಲಿ ಪೂರ್ತಿ ಸಂಬಳ. ಅಲ್ಲಿನ ಕ್ಲಬ್ಬುಗಳು ಈ ಹುಡುಗನ ಮೇಲೂ ಕಣ್ಣಿಟ್ಟಿದ್ದವು. ಇವನು ಹೋಗಲಿಲ್ಲ. ಕೆರ್ರಿಯವನೇ ಆದ ಟೈಗ್ ಕೆನೆಲಿ ಹೋಗಿದ್ದ, 2005ರಲ್ಲಿ ಅಲ್ಲಿನ ಸಿಡ್ನಿ ಸ್ವಾನ್ಸ್ ಕ್ಲಬ್ಬಿನ ಜೊತೆ ಕಪ್ ಗೆದ್ದ, 2009ರಲ್ಲಿ ಊರಿಗೆ ಬಂದು ಆಲ್ ಐರ್ಲೆಂಡ್, ಅಂದರೆ ಕೌಂಟಿ ತಂಡಗಳ ಇಡೀ ದೇಶದ ಕಪ್ ಕೂಡ ಗೆದ್ದ. ಎಲ್ಲರಿಗೂ ಹಾಗೆ ಎರಡೂ ದಕ್ಕುವುದಿಲ್ಲ.

ಉಳಿದುಕೊಂಡ ಕ್ಲಿಫರ್ಡ್ 2018ರಲ್ಲಿ ದೊಡ್ಡವರ ತಂಡಕ್ಕೆ ಬಂದ, ಅದೇ ವರ್ಷ ದೇಶದ ಅತ್ಯುತ್ತಮ ಯುವ ಆಟಗಾರ. 2022ರ ಆಲ್ ಐರ್ಲೆಂಡ್ ಫೈನಲ್‌ನಲ್ಲಿ ಗಾಲ್ವೇ ವಿರುದ್ಧ 8 ಪಾಯಿಂಟ್ ಹೊಡೆದು ಕಪ್ ಗೆದ್ದ. ಮರುವರ್ಷದ ಫೈನಲ್‌ನಲ್ಲಿ ಡಬ್ಲಿನ್ ಎದುರು ಸೋಲು. 2025ರಲ್ಲಿ ಡೊನೆಗಾಲ್ ಎದುರು 9 ಪಾಯಿಂಟ್, ಮತ್ತೆ ಕಪ್.

ಆದರೆ ನನಗೆ ಇಷ್ಟವಾದ ಕತೆ 2023ರ ಜನವರಿಯದ್ದು. ಅಲ್ಲಿ ಕೌಂಟಿಗೆ ಆಡುವವನು ತನ್ನೂರಿನ ಕ್ಲಬ್ಬಿಗೂ ಆಡುತ್ತಾನೆ. ಇವನದು ಕೆರ್ರಿಯ ಕಿಲಾರ್ನಿ ಪಕ್ಕದ ಫೋಸಾ ಅನ್ನುವ ಪುಟ್ಟ ಊರು, ಕ್ಲಬ್ಬು ಇದ್ದದ್ದು ಕೆಳಗಿನ ಜೂನಿಯರ್ ದರ್ಜೆಯಲ್ಲಿ. ಇಡೀ ದೇಶದ ಕಪ್ ಗೆದ್ದು ಆರು ತಿಂಗಳಾಗಿತ್ತಷ್ಟೇ, ಅಣ್ಣ ಪಾಡಿಯ ಜೊತೆ ಫೋಸಾ ಅಂಗಿ ತೊಟ್ಟು ಅದೇ ಕ್ರೋಕ್ ಪಾರ್ಕ್‌ಗೆ ಬಂದ. ಫೋಸಾ ಗೆದ್ದಿತು. ಗಲಾಟೆ ಜಾಸ್ತಿಯಾಗಿ ಕೆಂಪು ಕಾರ್ಡ್‌ಗಳು ಸಾಲಾಗಿ ಬಂದವು, ನಮ್ಮ ಮೇಷ್ಟ್ರಿಗೂ ಒಂದು!

ಕೊನೆಗೆ, ಡಬ್ಲಿನ್ನಿನಲ್ಲಿರುವ ಮಗ ಕಳಿಸಿದ ತಿಳಿನೀಲಿ ಅಂಗಿಯನ್ನು "ಕ್ಲಿಫರ್ಡ್ ಅಭಿಮಾನಿ ನಾನು" ಅಂತ ಹಾಕಿಕೊಂಡು ತಿರುಗುತ್ತಿದ್ದೇನೆ ಎಂದಿದ್ದೀರಿ. ಸ್ವಾಮಿ, ಅದು ಡಬ್ಲಿನ್ ತಂಡದ್ದು. ಕೆರ್ರಿಯದು ಹಸಿರು ಮತ್ತು ಹೊಂಬಣ್ಣ. ಶಿವಮೊಗ್ಗದಲ್ಲಿ ಯಾರೂ ಏನೂ ಅನ್ನಲಿಕ್ಕಿಲ್ಲ, ಮಗನನ್ನು ನೋಡಲು ಹೋದಾಗ ಮಾತ್ರ ಕಿಲಾರ್ನಿ ಕಡೆ ಅದನ್ನು ತೊಡಬೇಡಿ.

– ಸಂ.