ಏಳು ತಿಂಗಳು ಬಿಟ್ಟಿದ್ದೆ, ಮತ್ತೆ ಕುಡಿದೆ. ಯಾವ ಮುಖ ಹೊತ್ತು ಹೋಗಲಿ?

ಅಕ್ಕಾ, ನಾನು ಹಾವೇರಿ ಕಡೆಯವನು. ವಯಸ್ಸು 41, ಗೂಡ್ಸ್ ಗಾಡಿ ಓಡಿಸುತ್ತೇನೆ. ಕಳೆದ ವರ್ಷ ನಮ್ಮೂರಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಸೇರಿ ಕುಡಿತ ಬಿಟ್ಟೆ. ನೂರು ದಿನ ಆದಾಗ ಎಲ್ಲರೆದುರು ಸನ್ಮಾನವೂ ಆಯಿತು. ಏಳನೇ ತಿಂಗಳಲ್ಲಿ ಭಾವನ ಗೃಹಪ್ರವೇಶದ ದಿನ ಒಂದು ಪೆಗ್ ಹಾಕಿದೆ. ಈಗ ತಿಂಗಳಿಂದ ದಿನಾ ಎರಡು ಕ್ವಾರ್ಟರ್ ಬೇಕು. ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ. ಹೆಂಡತಿಗೆ ಅನುಮಾನ ಬಂದಿದೆ, ಬಾಯಿಬಿಟ್ಟು ಕೇಳಿಲ್ಲ. ಶಿಬಿರದ ಗೆಳೆಯರಿಗೆ ಯಾವ ಮುಖ ತೋರಿಸಲಿ? ಹೊಲದ ಮನೆಯಲ್ಲಿ ನಾಲ್ಕು ದಿನ ಒಬ್ಬನೇ ಬಾಗಿಲು ಹಾಕಿಕೊಂಡಿದ್ದು ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ.

ತಮ್ಮಾ, ಹೊಲದ ಮನೆಯ ಯೋಚನೆ ಮೊದಲು ಬಿಡಿ. ಕೈಮುಗಿದು ಹೇಳುತ್ತಿದ್ದೇನೆ. ಬೆಳಗ್ಗೆ ಕೈ ನಡುಗುತ್ತದೆ ಅಂದರೆ ಮೈ ಮದ್ಯಕ್ಕೆ ಒಗ್ಗಿಹೋಗಿದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು, ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ನೀವು ಬಾಗಿಲು ಹಾಕಿಕೊಳ್ಳಲು ಹೊರಟಿರುವುದು ಸರಿಯಾಗಿ ಆ ನಾಲ್ಕು ದಿನಕ್ಕೇ.

ಆಸ್ಪತ್ರೆಯಲ್ಲಾದರೆ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಕಮ್ಮಿ ಮಾಡುತ್ತಾ ಬರುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಹಾಕುತ್ತಾರೆ. ದಿನಾ ಕುಡಿಯುವವರ ಮೈಯಲ್ಲಿ ಅದು ಸಾಮಾನ್ಯವಾಗಿ ಕಮ್ಮಿಯಾಗಿರುತ್ತದೆ. ಆಮೇಲೆ ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳೂ ಇವೆ. ನಿಮಗೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಹತ್ತಿರ, ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫಿಟ್ಸ್ ಬಂದರೆ ತಡಮಾಡದೆ ಆಂಬುಲೆನ್ಸ್‌ಗೆ 108.

ಇನ್ನು ಮುಖ ತೋರಿಸುವ ಮಾತು. ಎಷ್ಟೋ ಗಂಡಸರಿಗೆ ಕುಡಿದದ್ದಕ್ಕಿಂತ ಅದನ್ನು ಹೇಳಿಕೊಳ್ಳುವುದೇ ಜಾಸ್ತಿ ಅವಮಾನ. ‘ಗಂಡಸಾಗಿ ಒಂದು ಮಾತು ಉಳಿಸಿಕೊಳ್ಳಲಿಲ್ಲ’ ಅಂತ ಒಳಗೊಳಗೇ ಕೊರಗುತ್ತಾರೆ, ಆ ಕೊರಗಿಗೇ ಮತ್ತೊಂದು ಕ್ವಾರ್ಟರ್. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯಲ್ಲಿ ನಿಮ್ಮ ಪಕ್ಕ ಕೂತಿದ್ದವರೆಲ್ಲ ಕುಡಿದು, ಬಿಟ್ಟು ಬಂದವರೇ ಅಲ್ವಾ? ಕೈ ನಡುಕ ಅವರಿಗೆ ಹೊಸದೇ? ಶಿಬಿರ ಎಂಟು ದಿನಕ್ಕೆ ಮುಗಿಯುತ್ತದೆ, ಸಮಿತಿ ಇರುವುದೇ ಆಮೇಲಿನ ದಿನಗಳಿಗೆ. ಮೈ ಸುಧಾರಿಸಿದ ಮೇಲೆ ಆ ವಾರದ ಸಭೆಗೇ ಹೋಗಿ ಕೂರಿ. ಸನ್ಮಾನ ಆದದ್ದು ಆ ನೂರು ದಿನಕ್ಕೆ. ಆ ನೂರು ದಿನ ನೀವು ಕುಡಿದಿರಲಿಲ್ಲ, ಅದು ಇವತ್ತಿಗೂ ನಿಜ.

ಹೆಂಡತಿಗೆ ಇವತ್ತು ರಾತ್ರಿಯೇ ಹೇಳಿ. ನಿಮ್ಮ ಬಾಯಿಂದಲೇ ಬರಲಿ ಅಂತ ಅವರು ಕಾಯುತ್ತಿರಬಹುದು. ಗಾಡಿ ಕೀಲಿಯನ್ನೂ ಅವರ ಕೈಗೇ ಕೊಟ್ಟುಬಿಡಿ. ಈ ಸ್ಥಿತಿಯಲ್ಲಿ ಸ್ಟೇರಿಂಗ್ ಹಿಡಿಯಬೇಡಿ. ನಾಳೆ ಇಬ್ಬರೂ ಬಸ್ಸಿನಲ್ಲಿ ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರು ಕೇಳುತ್ತಾರೆ. ನಾಚಿಕೆಗೆ ಕಮ್ಮಿ ಮಾಡಿ ಹೇಳಬೇಡಿ. ಮಾತ್ರೆ ಎಷ್ಟು ಕೊಡಬೇಕು ಅನ್ನುವುದನ್ನು ಅವರು ಅದರ ಮೇಲೇ ಲೆಕ್ಕ ಹಾಕುತ್ತಾರೆ.